ಹೋದ ಸಂದೇಶ ಹೊಳ್ಳಿ ಬರಲಿಲ್ಲ

ಮಕ್ಕಳೇ, ನಾನು ಕಂಪ್ಯೂಟರ್ ದುರಸ್ತಿ ಮಾಡುವವನು. ಧಾರವಾಡದಲ್ಲಿ ಇರುತ್ತೇನೆ. ಊರು ಮಾತ್ರ ನವಲಗುಂದ ತಾಲೂಕಿನ ಮೊರಬ. ನಮ್ಮದು ಎರೆಭೂಮಿ. ಮಳೆ ಬಿದ್ದರೆ ಒಂದೊಂದು ಚಪ್ಪಲಿಗೆ ಒಂದೊಂದು ಸೇರು ಮಣ್ಣು ಅಂಟಿಕೊಳ್ಳುತ್ತದೆ. ಬೇಸಿಗೆ ಬಂದರೆ ಅದೇ ನೆಲ ಕೈ ಇಳಿಯುವಷ್ಟು ಬಿರಿಯುತ್ತದೆ. ಮುಂಗಾರಿಗೆ ಹೆಸರು, ಹತ್ತಿ, ಗೋವಿನಜೋಳ, ಉಳ್ಳಾಗಡ್ಡಿ ಬೆಳೆಯುತ್ತೇವೆ. ಹಿಂಗಾರಿಗೆ ಕಡಲೆ, ಬಿಳಿಜೋಳ, ಕುಸುಬಿ.

ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳ ಒಂದು ದಿನ ನಾನು ಊರಿನಲ್ಲೇ ಇದ್ದೆ. ಬೆಳಿಗ್ಗೆ ರೊಟ್ಟಿ ತಿನ್ನುತ್ತಿರುವಾಗ ಫೋನ್ ಬಂತು. ರೈತರ ಅರ್ಜಿ ತುಂಬಿಕೊಡುವ ಒಂದು ಸಣ್ಣ ಕಚೇರಿಯಿಂದ ಅಲ್ಲಿನ ಹುಡುಗಿ ಮಾತನಾಡುತ್ತಿದ್ದಳು.

"ಅಣ್ಣಾರ, ಹೊಸಾ ಖೋಲಿ ಎಲ್ಲಾ ಬಂದ್ ಬಿದ್ದೈತ್ರಿ. ನೆಟ್ಟೂ ಇಲ್ಲ, ಪ್ರಿಂಟೂ ಇಲ್ಲ. ಹೊರಗ ಮಂದಿ ನಿಂತಾರ. ಲಗೂ ಬರ್ರಿ."

ಅಂದು ಮುಂಗಾರು ಬೆಳೆ ವಿಮೆಗೆ ಹೆಸರು ಬರೆಸುವ ಕೊನೆಯ ದಿನ. ಬೆಳೆ ವಿಮೆ ಎಂದರೆ ನಿಮ್ಮ ಮನೆಯಲ್ಲಿ ಕೇಳಿರುತ್ತೀರಿ. ಈಗಿರುವ ಯೋಜನೆ 2016ರಲ್ಲಿ ಬಂದದ್ದು. ಹೆಸರು, ಗೋವಿನಜೋಳದಂಥ ಮುಂಗಾರು ಬೆಳೆಗೆ ರೈತ ವಿಮೆಯ ಮೊತ್ತದಲ್ಲಿ ನೂರಕ್ಕೆ 2 ರೂಪಾಯಿ ಕಟ್ಟಬೇಕು. ಮಳೆ ಬಾರದೆಯೋ ವಿಪರೀತ ಬಂದೋ ಬೆಳೆ ಹೋದರೆ ಪರಿಹಾರ ಸಿಗುತ್ತದೆ. ಆದರೆ ಹೆಸರು ಬರೆಸಿದವರಿಗೆ ಮಾತ್ರ. ಕೊನೆಯ ದಿನ ದಾಟಿದರೆ ಆ ವರ್ಷ ದೇವರೇ ಗತಿ. ಆದ್ದರಿಂದ ಪಹಣಿ, ಆಧಾರ್, ಬ್ಯಾಂಕಿನ ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಜಿಟಿಜಿಟಿ ಮಳೆಯಲ್ಲಿ ನಲವತ್ತಕ್ಕೂ ಹೆಚ್ಚು ಜನ ನಿಂತಿದ್ದರು. ಅಜ್ಜಂದಿರು, ಅವ್ವಂದಿರು, ಕಂಕುಳಲ್ಲಿ ಮಗು ಹೊತ್ತವರು.

ನಾನು ಓಡಿದೆ. ಓಡುವಾಗ ಇದು ಅರ್ಧ ಗಂಟೆಯ ಕೆಲಸ ಎಂದುಕೊಂಡಿದ್ದೆ.

ಎರಡು ಓಣಿಗಳು

ಆ ಕಚೇರಿಯ ರಚನೆ ಹೇಳುತ್ತೇನೆ, ಕೇಳಿ. ನೋಟುಬುಕ್ಕಿನಲ್ಲಿ ಚಿತ್ರ ಬರೆದುಕೊಂಡರೆ ಇನ್ನೂ ಒಳ್ಳೆಯದು. ನಾನೂ ಅಂದು ಮೊದಲೇ ಬರೆದುಕೊಳ್ಳಬೇಕಿತ್ತು.

ಅಂಗಳದ ಒಂದು ಬದಿಗೆ ಹಳೆಯ ಕೋಣೆ. ಅಲ್ಲಿ ಲೆಕ್ಕಪತ್ರದ ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಹೊರಗಿನಿಂದ ಬರುವ ಅಂತರಜಾಲದ ತಂತಿ ಸೇರುವ ಒಂದು ರೂಟರ್. ಅಂಗಳದ ಇನ್ನೊಂದು ಬದಿಗೆ ಹೊಸ ಕೋಣೆ. ಅಲ್ಲಿ ಅರ್ಜಿ ತುಂಬುವ ನಾಲ್ಕು ಕಂಪ್ಯೂಟರ್, ಮತ್ತೊಂದು ರೂಟರ್. ಎರಡು ಕೋಣೆಗಳ ನಡುವೆ ಸುಮಾರು ಮೂವತ್ತು ಮೀಟರ್ ಕೇಬಲ್.

ಜಾಲದಲ್ಲಿರುವ ಪ್ರತಿ ಯಂತ್ರಕ್ಕೂ ಒಂದು ವಿಳಾಸ ಬೇಕು. ಅದಕ್ಕೆ ಐ.ಪಿ. ವಿಳಾಸ ಎನ್ನುತ್ತಾರೆ. ಚುಕ್ಕೆ ಇಟ್ಟು ಬರೆದ ನಾಲ್ಕು ಸಂಖ್ಯೆಗಳು. ಹಳೆಯ ಕೋಣೆಯ ಒಂದು ಕಂಪ್ಯೂಟರಿನ ವಿಳಾಸ 192.168.1.10. ಪ್ರಿಂಟರಿನದು 192.168.1.50. ಹೊಸ ಕೋಣೆಯ ಒಂದು ಕಂಪ್ಯೂಟರಿನದು 192.168.2.10. ಈ ಮೂರನ್ನೂ ಮತ್ತೊಮ್ಮೆ ನೋಡಿ. ಮೂರನೆಯ ಸಂಖ್ಯೆಯಲ್ಲಿ ವ್ಯತ್ಯಾಸ ಕಂಡಿತೇ? ಮೊದಲ ಮೂರು ಸಂಖ್ಯೆಗಳನ್ನು ಓಣಿಯ ಹೆಸರು ಎಂದೂ ಕೊನೆಯದನ್ನು ಮನೆಯ ನಂಬರು ಎಂದೂ ತಿಳಿಯಿರಿ. ಹಳೆಯ ಕೋಣೆ ಒಂದನೆಯ ಓಣಿ, ಹೊಸ ಕೋಣೆ ಎರಡನೆಯ ಓಣಿ. ಇಂಥ ಒಂದೊಂದು ಓಣಿಗೆ ಉಪಜಾಲ ಎಂದು ಹೆಸರು. ಕಂಪ್ಯೂಟರಿನವರು ಸಬ್‌ನೆಟ್ ಎನ್ನುತ್ತಾರೆ.

ಇದು ಹೊಸ ಉಪಾಯವೇನಲ್ಲ. ನಮ್ಮ ಅಂಚೆಯ ಪಿನ್ ಕೋಡ್ ಇದೇ ರೀತಿಯದು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಆ ಆರು ಅಂಕಿಗಳಲ್ಲಿ ಮೊದಲನೆಯದು ದೇಶದ ಯಾವ ವಲಯ ಎಂದು ಹೇಳುತ್ತದೆ. ಕರ್ನಾಟಕದ್ದು 5. ಮುಂದಿನ ಅಂಕಿಗಳು ಹತ್ತಿರ ಹತ್ತಿರ ಕರೆತರುತ್ತವೆ. ದೆಹಲಿಯ ಅಂಚೆಯವರಿಗೆ ಮೊರಬದ ಓಣಿಗಳು ಗೊತ್ತಿರಬೇಕಾಗಿಲ್ಲ. ಚೀಲವನ್ನು ಸರಿಯಾದ ದಿಕ್ಕಿಗೆ ಹಾಕಿದರೆ ಸಾಕು. (ಭಾರತದಲ್ಲಿ ಜನಸಾಮಾನ್ಯರಿಗೆ ಅಂತರಜಾಲ ಸಿಕ್ಕಿದ್ದೂ ಆಗಸ್ಟ್ 15ರಂದೇ, 1995ರಲ್ಲಿ.)

ಐ.ಪಿ. ವಿಳಾಸದ ಪ್ರತಿ ಸಂಖ್ಯೆ 0ಯಿಂದ 255ರೊಳಗೆ ಇರುತ್ತದೆ. 255ಕ್ಕೇ ಏಕೆ ನಿಲ್ಲುತ್ತದೆ? ಎಂಟು ದೀಪಗಳಿವೆ ಎಂದುಕೊಳ್ಳಿ. ಪ್ರತಿ ದೀಪವೂ ಉರಿಯಬಹುದು ಅಥವಾ ಆರಿರಬಹುದು. ಹಾಗಾದರೆ ಎಷ್ಟು ಬಗೆಯಾಗಿ ಹಚ್ಚಿಡಬಹುದು? 2ನ್ನು ಎಂಟು ಸಲ ಗುಣಿಸಿ. 256 ಬರುತ್ತದೆ. ಸೊನ್ನೆಯನ್ನೂ ಲೆಕ್ಕಕ್ಕೆ ಹಿಡಿದರೆ ಕೊನೆಯದು 255. ನಾಲ್ಕೂ ಸಂಖ್ಯೆ ಸೇರಿ 32 ದೀಪ. ಒಟ್ಟು ವಿಳಾಸಗಳು 429 ಕೋಟಿ 49 ಲಕ್ಷ 67 ಸಾವಿರದ 296. ಜಗತ್ತಿಗೆ ಇದು ಸಾಲದು. ಅದಕ್ಕಾಗಿ 192.168ರಿಂದ ಆರಂಭವಾಗುವಂಥ ಕೆಲವು ವಿಳಾಸಗಳನ್ನು ಮನೆ, ಶಾಲೆ, ಕಚೇರಿಗಳ ಒಳಬಳಕೆಗೆಂದು ಬಿಟ್ಟಿದ್ದಾರೆ. ಎಲ್ಲ ಊರಲ್ಲೂ ಒಂದು ಹನುಮಂತ ದೇವರ ಓಣಿ ಇರುವ ಹಾಗೆ ಇವು ಎಲ್ಲ ಕಚೇರಿಗಳಲ್ಲೂ ಇರಬಹುದು. ಊರೊಳಗೆ ಗೊಂದಲವಿಲ್ಲ. ಆದರೆ ಊರ ಹೊರಗೆ ನಿಂತು ಹನುಮಂತ ದೇವರ ಓಣಿ ಎಲ್ಲಿ ಎಂದು ಕೇಳಿದರೆ ಯಾರೂ ಹೇಳಲಾರರು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಒಂದೇ ಓಣಿಯ ಯಂತ್ರಗಳು ನೇರವಾಗಿ ಮಾತನಾಡುತ್ತವೆ. ಎದುರುಮನೆಯವರನ್ನು ಕಟ್ಟೆಯ ಮೇಲೆ ನಿಂತು ಕೂಗಿದ ಹಾಗೆ. ಬೇರೆ ಓಣಿಗೆ ಸಂದೇಶ ಕಳಿಸಬೇಕಾದರೆ ಓಣಿಯ ಅಗಸಿಗೆ ಒಯ್ದು ಕೊಡಬೇಕು. ಹಳೆಯ ಊರುಗಳಲ್ಲಿ ಅಗಸಿ ಬಾಗಿಲು ನೋಡಿದ್ದೀರಲ್ಲ? ಜಾಲದಲ್ಲಿ ಅದಕ್ಕೆ ಗೇಟ್‌ವೇ ಎಂದು ಹೆಸರು. ಅಗಸಿ ಕಾಯುವ ಕೆಲಸ ರೂಟರಿನದು. ಅದರ ಬಳಿ ಒಂದು ದಾರಿಪಟ್ಟಿ ಇರುತ್ತದೆ. ಈ ಓಣಿಯದಾದರೆ ಇತ್ತ, ಆ ಓಣಿಯದಾದರೆ ಅತ್ತ, ಎಲ್ಲಿಯದೆಂದು ಗೊತ್ತಿಲ್ಲದಿದ್ದರೆ ಹೊರಗಿನ ಹೆದ್ದಾರಿಗೆ.

ಹಳೆಯ ಕೋಣೆಯ ರೂಟರ್ 192.168.1.1. ಹೊಸ ಕೋಣೆಯ ರೂಟರಿಗೆ ಎರಡು ಬಾಗಿಲು. ಹೊಸ ಓಣಿಯ ಕಡೆಗೆ ತೆರೆಯುವ ಬಾಗಿಲು 192.168.2.1. ಕೇಬಲ್ ಮೂಲಕ ಹಳೆಯ ಓಣಿಯ ಕಡೆಗೆ ತೆರೆಯುವ ಬಾಗಿಲು 192.168.1.2.

ಕೇಬಲ್ ಮೇಲೆ ಬಿದ್ದ ಆಪಾದನೆ

ಹಿಂದಿನ ರಾತ್ರಿ ಗುಡುಗು ಮಿಂಚು ಜೋರಾಗಿತ್ತು. ನಾನು ಕೇಬಲ್ಲಿನ ಮೇಲೆ ಅನುಮಾನ ಪಟ್ಟೆ. ಅಂಗಳದಲ್ಲಿ ಬಿದ್ದಿದ್ದ ಕೊಳವೆಯೊಳಗೆ ನೀರು ಹೊಕ್ಕಿರಬೇಕು, ಇಲ್ಲವೆ ಇಲಿ ಕಡಿದಿರಬೇಕು. ಆ ಕೇಬಲ್ಲಿನ ಒಳಗೆ ಎಂಟು ಎಳೆ ತಂತಿ ಇರುತ್ತವೆ. ಎರಡೆರಡನ್ನು ಹುರಿ ಮಾಡಿರುತ್ತಾರೆ. ತುದಿಯ ಪ್ಲಗ್ಗಿನೊಳಗೆ ಬಣ್ಣದ ಕ್ರಮ ತಪ್ಪದಂತೆ ಒಂದೊಂದನ್ನೇ ಕೂರಿಸಿ ಇಕ್ಕಳದಿಂದ ಒತ್ತಬೇಕು. ಎರಡೂ ತುದಿ ಕತ್ತರಿಸಿ ಹೊಸ ಪ್ಲಗ್ ಹಾಕಿದೆ. ಕನ್ನಡಕದ ಮೇಲೆ ಮಳೆಹನಿ. ಕೈಯಲ್ಲಿ ನಡುಕ. ಒಂದು ತುದಿಯಲ್ಲಿ ಕಿತ್ತಳೆ ಮತ್ತು ಹಸಿರು ಅದಲುಬದಲಾಗಿ ಮತ್ತೆ ಕತ್ತರಿಸಿದೆ. ಒಂದೂವರೆ ತಾಸು ಹೋಯಿತು.

ಏನೂ ಬದಲಾಗಲಿಲ್ಲ.

ಅಷ್ಟರಲ್ಲಿ ಹಳೆಯ ಕೋಣೆಯ ಎರಡೇ ಕಂಪ್ಯೂಟರಿನ ಮುಂದೆ ಎಲ್ಲರೂ ಸೇರಿದ್ದರು. ಆರು ಕಡೆ ಆಗಬೇಕಾದ ಕೆಲಸ ಎರಡು ಕಡೆ. ಪಾಳಿ ಬಾಗಿಲಾಚೆ ಬೆಳೆದಿತ್ತು. ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜನೊಬ್ಬ ಪದೇ ಪದೇ ಆಕಾಶ ನೋಡುತ್ತಿದ್ದ. "ಯಾಕಜ್ಜಾ, ಮಳಿ ಅಂಜಿಕಿ ಏನು?" ಎಂದೆ.

"ಬರೂದೇನ ಬಂದೇನಪಾ. ಹಳ್ಳ ಬಂತಂದ್ರ ಹೊಳ್ಳಿ ಹ್ಯಾಂಗ ಹೋಗ್ಲಿ? ಲಗೂ ಮಾಡು ತಮ್ಮಾ" ಎಂದ.

ನಮ್ಮ ತಾಲೂಕಿನ ಹಳ್ಳಗಳ ಹೆಸರು ಕೇಳಿದರೆ ಬಾಯಲ್ಲಿ ನೀರೂರಬೇಕು: ಬೆಣ್ಣೆಹಳ್ಳ, ತುಪ್ಪರಿಹಳ್ಳ. ಆದರೆ ಮೇಲೆ ಎಲ್ಲೋ ಮಳೆಯಾದರೆ ಇಲ್ಲಿ ಒಮ್ಮೆಲೇ ನೀರು ಏರುತ್ತದೆ. ನಾನು ಐದನೆಯ ಇಯತ್ತೆಯಲ್ಲಿದ್ದಾಗ ಅಪ್ಪ ಒಂದು ಸಂಜೆ ಹಳ್ಳದಾಚೆಯ ಹೊಲಕ್ಕೆ ಹೋಗಿದ್ದ. ನಮ್ಮಲ್ಲಿ ಮಳೆ ಇರಲಿಲ್ಲ. ಆದರೂ ಹಳ್ಳ ಬಂತು. ಆಗ ಮೊಬೈಲ್ ಎಲ್ಲಿಯದು? ರಾತ್ರಿಯೆಲ್ಲ ಅವ್ವ ದೀಪ ಹಚ್ಚಿಟ್ಟು ಕುಳಿತಿದ್ದಳು. ಅಪ್ಪ ದಾಟುವಾಗಲೇ ಏನೋ ಆಗಿದೆ ಎಂದು ಮನೆಯಲ್ಲಿ ಎಲ್ಲರೂ ಗಾಬರಿಪಟ್ಟಿದ್ದರು. ಮರುದಿನ ನೀರು ಇಳಿದ ಮೇಲೆ ಅಪ್ಪ ಎತ್ತುಗಳ ಜೊತೆ ನಿಧಾನಕ್ಕೆ ನಡೆದು ಬಂದ. ಅವನು ಆಗಲೇ ಹೊಲ ಮುಟ್ಟಿ, ಗುಡಿಸಲಲ್ಲಿ ಮಲಗಿ ಎದ್ದಿದ್ದ. ಹೊಳ್ಳಿ ಬರುವ ದಾರಿ ಇರಲಿಲ್ಲ, ಅಷ್ಟೆ.

ಅಜ್ಜನ ಮಾತು ಕೇಳಿದಾಗ ಇದು ನೆನಪಾಯಿತು. ನಾನು ಇಕ್ಕಳ ಕೆಳಗಿಟ್ಟೆ.

ಕೂಗಿ ನೋಡುವ ವಿಧಾನ

ಬಾವಿಯೊಳಗೆ 'ಓ' ಎಂದು ಕೂಗಿದರೆ 'ಓ' ಎಂದು ಮರುದನಿ ಬರುತ್ತದೆ. ಕಂಪ್ಯೂಟರಿನಲ್ಲೂ ಹಾಗೆ ಕೂಗಿ ನೋಡುವ ಒಂದು ಉಪಕರಣವಿದೆ. ಹೆಸರು ಪಿಂಗ್. ಅಮೆರಿಕದ ಮೈಕ್ ಮೂಸ್ ಎಂಬುವರು 1983ರ ಡಿಸೆಂಬರಿನಲ್ಲಿ ಇದನ್ನು ಬರೆದರು. ಅವರಿಗೂ ಆಗ ಜಾಲದಲ್ಲಿ ಒಂದು ತೊಂದರೆ ಎದುರಾಗಿತ್ತು. ಜಲಾಂತರ್ಗಾಮಿ ನೌಕೆಗಳು ನೀರಿನಲ್ಲಿ ಸದ್ದು ಕಳಿಸಿ ಅದರ ಮರುದನಿಯಿಂದ ಎದುರಿಗೆ ಏನಿದೆ ಎಂದು ತಿಳಿಯುತ್ತವೆ. ಆ ಸದ್ದಿನ ಹೆಸರನ್ನೇ ಇದಕ್ಕೆ ಇಟ್ಟರು. ಪಿಂಗ್ ಎಂದು ಬರೆದು ಮುಂದೆ ವಿಳಾಸ ಹಾಕಿದರೆ ಒಂದು ಸಣ್ಣ ಸಂದೇಶ ಹೋಗುತ್ತದೆ. ಅಲ್ಲಿಯ ಯಂತ್ರ ಅದನ್ನು ಹಾಗೆಯೇ ಹಿಂದಿರುಗಿಸುತ್ತದೆ. ಎಷ್ಟು ಹೊತ್ತು ಹಿಡಿಯಿತು ಎಂಬುದೂ ಪರದೆಯ ಮೇಲೆ ಕಾಣುತ್ತದೆ.

ಹೊಸ ಕೋಣೆಯ ಕಂಪ್ಯೂಟರಿನಲ್ಲಿ ಕುಳಿತು ಹತ್ತಿರದಿಂದ ದೂರಕ್ಕೆ ಒಂದೊಂದಾಗಿ ಕೂಗಿದೆ. 192.168.2.1, ಅಂದರೆ ನಮ್ಮ ಓಣಿಯ ಅಗಸಿ: ಉತ್ತರ ಬಂತು. 192.168.1.2, ಅಂದರೆ ಅದೇ ರೂಟರಿನ ಆಚೆಯ ಬಾಗಿಲು: ಉತ್ತರ ಬಂತು. 192.168.1.1, ಹಳೆಯ ಕೋಣೆಯ ರೂಟರ್: ಉತ್ತರವಿಲ್ಲ. 192.168.1.50, ಪ್ರಿಂಟರ್: ಉತ್ತರವಿಲ್ಲ.

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ಹೊರಬಾಗಿಲಿನವರೆಗೆ ಸರಿ ಇದೆ, ಆಚೆ ಹೋಗುತ್ತಿಲ್ಲ, ಕೇಬಲ್ಲೇ ಕೆಟ್ಟಿದೆ ಎನ್ನುತ್ತಿದ್ದಿರಿ. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಪಿಂಗ್ ಉತ್ತರ ಬಾರದಿದ್ದಾಗ ಸಂದೇಶ ಹೋಗಲಿಲ್ಲ ಎಂದು ಹೇಳಲು ಬರುವುದಿಲ್ಲ. ಹೋಗಿ ಮುಟ್ಟಿ, ಹೊಳ್ಳಿ ಬರಲಾಗದೆ ಇರಬಹುದು. ಎರಡೂ ಪರದೆಯ ಮೇಲೆ ಒಂದೇ ರೀತಿ ಕಾಣುತ್ತವೆ.

ಹಾಗಾದರೆ ತಿಳಿಯುವುದು ಹೇಗೆ? ಆಚೆಯ ದಡದಿಂದ ಕೂಗಬೇಕು. ಅಂಗಳ ದಾಟಿ ಹಳೆಯ ಕೋಣೆಗೆ ಹೋದೆ. ಪಾಳಿಯಲ್ಲಿದ್ದವರನ್ನು ಎರಡು ನಿಮಿಷ ಕಾಯಲು ಕೇಳಿಕೊಂಡು 192.168.1.10ರಿಂದ 192.168.1.2ಕ್ಕೆ ಪಿಂಗ್ ಕಳಿಸಿದೆ. ಆ ಬಾಗಿಲು ಕೇಬಲ್ಲಿನ ಆ ತುದಿಯಲ್ಲಿದೆ, ಗಮನಿಸಿ. ತಟ್ಟನೆ ಉತ್ತರ ಬಂತು. ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ!

ಕೇಬಲ್ ನೆಟ್ಟಗೇ ಇತ್ತು. ನಾನು ಕತ್ತರಿಸುವ ಮೊದಲೂ ನೆಟ್ಟಗೇ ಇದ್ದಿರಬೇಕು. ಎರಡು ನಿಮಿಷದ ಈ ಪರೀಕ್ಷೆ ಮೊದಲು ಮಾಡಿದ್ದರೆ ಒಂದೂವರೆ ತಾಸು ಉಳಿಯುತ್ತಿತ್ತು.

ಸಂದೇಶ ಊರು ಬಿಟ್ಟು ಹೊರಟಿತ್ತು

ಇನ್ನೊಂದು ಉಪಕರಣವಿದೆ. ಅದು ಸಂದೇಶ ಯಾವ ಯಾವ ಅಗಸಿ ದಾಟಿತು ಎಂದು ಪಟ್ಟಿ ಕೊಡುತ್ತದೆ. ಹೆಸರು ಟ್ರೇಸ್‌ರೂಟ್. ಅದು ಕೆಲಸ ಮಾಡುವ ಬಗೆ ನನಗೆ ಬಹಳ ಇಷ್ಟ. ಪ್ರತಿ ಸಂದೇಶದ ಮೇಲೂ ಒಂದು ಆಯುಷ್ಯದ ಸಂಖ್ಯೆ ಬರೆದಿರುತ್ತದೆ. ದಾರಿಯಲ್ಲಿ ಸಿಗುವ ಪ್ರತಿ ರೂಟರ್ ಅದರಿಂದ ಒಂದನ್ನು ಕಳೆಯುತ್ತದೆ. ಸೊನ್ನೆಯಾದರೆ ಸಂದೇಶವನ್ನು ಅಲ್ಲಿಯೇ ಬಿಸಾಡಿ, 'ನಿನ್ನ ಸಂದೇಶ ನನ್ನ ಬಾಗಿಲಲ್ಲಿ ಮುಗಿಯಿತು' ಎಂದು ಕಳಿಸಿದವನಿಗೆ ತಿಳಿಸುತ್ತದೆ. ದಾರಿ ತಪ್ಪಿದ ಸಂದೇಶಗಳು ಜಾಲದಲ್ಲಿ ಎಂದೆಂದಿಗೂ ಸುತ್ತುತ್ತಾ ಉಳಿಯಬಾರದೆಂದು ಮಾಡಿದ ಏರ್ಪಾಡು ಇದು. ಟ್ರೇಸ್‌ರೂಟ್ ಇದನ್ನೇ ಜಾಣತನದಿಂದ ಬಳಸುತ್ತದೆ. ಮೊದಲು ಆಯುಷ್ಯ 1 ಎಂದು ಬರೆದು ಕಳಿಸುತ್ತದೆ, ಮೊದಲ ಅಗಸಿಯವನು ಹೆಸರು ಹೇಳುತ್ತಾನೆ. ಆಮೇಲೆ 2, ಎರಡನೆಯವನು ಹೇಳುತ್ತಾನೆ. ಆಮೇಲೆ 3.

ಹಳೆಯ ಕೋಣೆಯಿಂದ 192.168.2.1ಕ್ಕೆ, ಅಂದರೆ ಅಂಗಳದಾಚೆಯ ರೂಟರಿನ ಒಳಬಾಗಿಲಿಗೆ, ದಾರಿ ಕೇಳಿದೆ. ಮೊದಲ ಸಾಲಿನಲ್ಲಿ 192.168.1.1 ಎಂದು ಬಂತು. ಸರಿ. ಎರಡನೆಯ ಸಾಲಿನಲ್ಲಿ ಬಂದ ವಿಳಾಸ ನಮ್ಮ ಕಚೇರಿಯದೇ ಅಲ್ಲ! ಅದು ಅಂತರಜಾಲ ಕೊಡುವವರ ಯಂತ್ರದ್ದು. ಆಮೇಲೆ ಬರೀ ನಕ್ಷತ್ರ ಚಿಹ್ನೆಗಳು.

ಅರ್ಥವಾಯಿತೇ? ಮೂವತ್ತು ಮೀಟರ್ ಆಚೆಯ ಕೋಣೆಗೆ ಹೋಗಬೇಕಾದ ಸಂದೇಶ ಊರ ಅಗಸಿ ದಾಟಿ ಹೆದ್ದಾರಿ ಹಿಡಿದಿತ್ತು. ಹಳೆಯ ರೂಟರಿನ ದಾರಿಪಟ್ಟಿಯಲ್ಲಿ ಎರಡನೆಯ ಓಣಿಯ ಹೆಸರೇ ಇರಲಿಲ್ಲ. ಗೊತ್ತಿಲ್ಲದ್ದನ್ನೆಲ್ಲ ಹೊರಗೆ ಕಳಿಸು ಎಂಬ ನಿಯಮದಂತೆ ಅದು ನಡೆದುಕೊಂಡಿತ್ತು. ಹೊರಗಿನವರಿಗೆ ಈ ಹನುಮಂತ ದೇವರ ಓಣಿ ಎಲ್ಲಿ ಗೊತ್ತು? ಅವರು ಬಿಸಾಡಿದರು. ಹೊಸ ಕೋಣೆಯಿಂದ ಹೊರಟ ಪ್ರತಿ ಪ್ರಶ್ನೆಯೂ ಹಳೆಯ ರೂಟರನ್ನು ಮುಟ್ಟುತ್ತಿತ್ತು. ಪ್ರತಿ ಉತ್ತರವೂ ಊರು ಬಿಟ್ಟು ಹೋಗುತ್ತಿತ್ತು.

ಆದರೆ ನಿನ್ನೆಯವರೆಗೆ ಎಲ್ಲ ನಡೆಯುತ್ತಿತ್ತಲ್ಲ?

ಹೌದು. ಈಗ ಹೇಳಲು ನಾಚಿಕೆಯಾಗುವ ಭಾಗ ಬಂತು. ಹಿಂದಿನ ಸಂಜೆ ಲೆಕ್ಕದವರು ನನ್ನನ್ನು ಕರೆದು, ಹೊಸ ಕೋಣೆಯಲ್ಲಿ ತುಂಬಿದ ಅರ್ಜಿಗಳ ಪಟ್ಟಿ ತಮ್ಮ ಕಂಪ್ಯೂಟರಿನಲ್ಲೂ ಕಾಣಬೇಕು ಎಂದಿದ್ದರು. ಅದುವರೆಗೆ ಹೊಸ ರೂಟರ್ ಒಂದು ಮರೆಮಾಚುವ ಕೆಲಸ ಮಾಡುತ್ತಿತ್ತು. ಹೊಸ ಕೋಣೆಯಿಂದ ಬಂದ ಪ್ರತಿ ಸಂದೇಶದ ಮೇಲೆ ಕಳಿಸಿದವರ ಹೆಸರನ್ನು ಅಳಿಸಿ ತನ್ನದೇ ಹೆಸರು, 192.168.1.2 ಎಂದು ಬರೆದು ಮುಂದೆ ಕಳಿಸುತ್ತಿತ್ತು. ಉತ್ತರ ಬಂದಾಗ ಯಾರದೆಂದು ನೆನಪಿಟ್ಟುಕೊಂಡು ಹಂಚುತ್ತಿತ್ತು. ಆದ್ದರಿಂದ ಹಳೆಯ ಓಣಿಯವರಿಗೆ ಎರಡನೆಯ ಓಣಿ ಇದೆಯೆಂಬುದೇ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಈ ಮರೆಮಾಚುವಿಕೆಯಿಂದಲೇ ಹಳೆಯ ಕೋಣೆಯಿಂದ ಹೊಸ ಕೋಣೆಯ ಪಟ್ಟಿ ಕಾಣುತ್ತಿರಲಿಲ್ಲ. ನಾನು ಅದನ್ನು ತೆಗೆದುಹಾಕಿದೆ. ಕತ್ತಲಾಗಿತ್ತು, ಕರೆಂಟೂ ಹೋಯಿತು. ಪರೀಕ್ಷೆ ಮಾಡದೆ ಮನೆಗೆ ಬಂದುಬಿಟ್ಟೆ. ಬೆಳಿಗ್ಗೆ ಎದ್ದು ಸಿಡಿಲಿನ ಮೇಲೆ ತಪ್ಪು ಹೊರಿಸಿದೆ!

ಅದನ್ನು ಮತ್ತೆ ಹಾಕಿಬಿಟ್ಟರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ಮುಗಿಯುತ್ತಿತ್ತು. ಆದರೆ ಆ ದಿನ ಸಂಜೆ ಎರಡೂ ಕೋಣೆಯ ಪಟ್ಟಿ ತಾಳೆ ನೋಡುವುದು ಲೆಕ್ಕದವರಿಗೆ ಬೇಕೇ ಬೇಕಿತ್ತು. ಯಾವ ಹೆಸರೂ ಬಿಟ್ಟುಹೋಗಬಾರದಲ್ಲ. ಕಾರಣ ತಿಳಿದ ಮೇಲೆ ಸರಿಯಾದ ದಾರಿಯನ್ನೇ ಹಾಕೋಣ ಎಂದುಕೊಂಡೆ. ಹಳೆಯ ರೂಟರಿನ ದಾರಿಪಟ್ಟಿ ತೆರೆದು ಒಂದು ಸಾಲು ಸೇರಿಸಿದೆ: 192.168.2ರ ಓಣಿಗೆ ಹೋಗುವುದೆಲ್ಲ 192.168.1.2ರ ಬಾಗಿಲಿಗೆ ಹೋಗಲಿ.

ಅಂಗಳದಾಚೆಯಿಂದ ಹುಡುಗಿಯ ಕೂಗು ಕೇಳಿತು. "ಅಣ್ಣಾರ, ಬಂತ್ರೀ! ನೆಟ್ ಬಂತು!"

ಪ್ರಿಂಟರಿನ ಮೌನ

ನಾಲ್ಕು ಕಂಪ್ಯೂಟರುಗಳ ಮುಂದೆ ನಾಲ್ಕು ಜನ ಕುಳಿತರು. ಅರ್ಜಿಗಳು ಹೋಗತೊಡಗಿದವು. ಲೆಕ್ಕದವರಿಗೆ ಪಟ್ಟಿಯೂ ಕಂಡಿತು. ಆದರೆ ರಸೀದಿ ಬರಲಿಲ್ಲ! ಪ್ರಿಂಟರ್ ಸುಮ್ಮನೆ ಹಸಿರು ದೀಪ ಉರಿಸಿಕೊಂಡು ಕುಳಿತಿತ್ತು. ಹಳೆಯ ಕೋಣೆಯವರಿಗೆ ಚೆನ್ನಾಗಿಯೇ ಮುದ್ರಿಸಿಕೊಡುತ್ತಿತ್ತು. ಹೊಸ ಕೋಣೆಯವರು ಕಳಿಸಿದರೆ ಇಲ್ಲ. ಪಿಂಗ್‌ಗೂ ಉತ್ತರವಿಲ್ಲ.

ರಸೀದಿ ಇಲ್ಲದೆ ಯಾರೂ ಎದ್ದು ಹೋಗಲು ಒಪ್ಪಲಿಲ್ಲ. ಅದು ಸರಿಯೇ. ಹಣ ಕಟ್ಟಿದ ಮೇಲೆ ಕೈಯಲ್ಲಿ ಕಾಗದ ಇರಬೇಕು. ಅಜ್ಜ ಇನ್ನೂ ಕುಳಿತಿದ್ದ. ಗಂಟೆ ಮೂರು.

ಈ ಸಲ ನಾನು ತಂತಿ ಮುಟ್ಟಲಿಲ್ಲ. ಯೋಚಿಸಿದೆ. ಹೊಸ ರೂಟರ್ ಪ್ರಿಂಟರಿನ ಓಣಿಯಲ್ಲೇ ಒಂದು ಬಾಗಿಲು ಹೊಂದಿದೆ. ಆದ್ದರಿಂದ ಹೋಗುವ ಸಂದೇಶ ನೇರವಾಗಿ ಪ್ರಿಂಟರ್ ಮುಟ್ಟುತ್ತದೆ. ಪ್ರಿಂಟರ್ ಉತ್ತರ ಬರೆಯುತ್ತದೆ. ಯಾರಿಗೆ? 192.168.2.10ಕ್ಕೆ. ಅದು ತನ್ನ ಓಣಿಯಲ್ಲ. ಹಾಗಾದರೆ ಅಗಸಿಗೆ ಕೊಡಬೇಕು. ಪ್ರಿಂಟರಿಗೆ ತನ್ನ ಅಗಸಿ ಯಾವುದೆಂದು ಗೊತ್ತಿದೆಯೇ?

ಪ್ರಿಂಟರಿನ ಸಣ್ಣ ಪರದೆಯಲ್ಲಿ ಗುಂಡಿ ಒತ್ತುತ್ತಾ ಹೋದೆ. ವಿಳಾಸ 192.168.1.50. ಸರಿ. ಅದರ ಕೆಳಗೆ 255.255.255.0. ಅದೂ ಸರಿ. ಎಷ್ಟು ಸಂಖ್ಯೆ ಓಣಿಯ ಹೆಸರು, ಎಷ್ಟು ಮನೆಯ ನಂಬರು ಎಂದು ಹೇಳುವ ಗುರುತು ಅದು. 255 ಇರುವ ಕಡೆ ಓಣಿ, 0 ಇರುವ ಕಡೆ ಮನೆ. ಅದರ ಕೆಳಗೆ ಗೇಟ್‌ವೇ: 0.0.0.0.

ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ. ಪ್ರಿಂಟರಿಗೆ ಅಗಸಿಯೇ ಇರಲಿಲ್ಲ. ಅದು ಹುಟ್ಟಿದಾಗಿನಿಂದ ಓಣಿ ಬಿಟ್ಟು ಹೊರಗೆ ಹೋದದ್ದೇ ಇಲ್ಲ. ಹಳೆಯ ರೂಟರ್ ಮರೆಮಾಚಿದ ಕಾಲದಲ್ಲಿ ಎಂದಲ್ಲ, ಹೊಸ ರೂಟರ್ ಹೆಸರು ಬದಲಿಸಿ ಕಳಿಸುತ್ತಿದ್ದ ಕಾಲದಲ್ಲಿ ಎಲ್ಲರೂ ಓಣಿಯವರೇ ಎಂದು ಅದು ನಂಬಿತ್ತು. ಈಗ ಪರ ಓಣಿಯಿಂದ ಬಂದವರಿಗೆ ಉತ್ತರ ಕೊಡಬೇಕಾಗಿ ಬಂದಾಗ ಯಾವ ಬಾಗಿಲಿಗೆ ಹೋಗಬೇಕೆಂದು ತಿಳಿಯದೆ ಸುಮ್ಮನಾಗಿತ್ತು.

ಪ್ರಿಂಟರಿಗೆ ಅಂತರಜಾಲ ಬೇಕಾಗಿರಲಿಲ್ಲ. ಅದಕ್ಕೆ ಬೇಕಾಗಿದ್ದದ್ದು ಪಕ್ಕದ ಓಣಿ ಮಾತ್ರ. ಆದ್ದರಿಂದ ಗೇಟ್‌ವೇ ಜಾಗದಲ್ಲಿ 192.168.1.2 ಎಂದು ತುಂಬಿದೆ. ಅಂಕಿಗಳನ್ನು ಒಂದೊಂದಾಗಿ ಏರಿಸಲು ಆ ಸಣ್ಣ ಗುಂಡಿಯನ್ನು ಎಷ್ಟು ಸಲ ಒತ್ತಿದೆನೋ! ಪ್ರಿಂಟರ್ ಒಮ್ಮೆ ಆರಿ ಹತ್ತಿಕೊಂಡಿತು. ಒಳಗೆ ಏನೋ ಉರುಳಿದ ಸದ್ದಾಯಿತು. ತಡೆದು ನಿಂತಿದ್ದ ರಸೀದಿಗಳು ಒಂದರ ಹಿಂದೆ ಒಂದು ಹೊರಗೆ ಬಂದವು. ಮೂರನೆಯದೋ ನಾಲ್ಕನೆಯದೋ ಅಜ್ಜನದು. ಹೆಸರು ಬೆಳೆ, ಮೂರು ಎಕರೆ ಎಂದು ಹುಡುಗಿ ಓದಿ ಹೇಳಿದಳು. ಅವನು ಅದನ್ನು ನಾಲ್ಕಾಗಿ ಮಡಚಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಚೀಲವನ್ನು ರುಮಾಲಿನೊಳಗೆ ಸಿಕ್ಕಿಸಿಕೊಂಡು ಬೇಗ ಬೇಗ ಹೊರಟ. ಹಳ್ಳ ಅಂದು ಬರಲಿಲ್ಲವಂತೆ. ಕಚೇರಿ ಮುಚ್ಚಿದಾಗ ರಾತ್ರಿ ಒಂಬತ್ತು ದಾಟಿತ್ತು. ಪಾಳಿಯಲ್ಲಿದ್ದ ಯಾರೂ ಉಳಿದಿರಲಿಲ್ಲ.

ದಾರಿ ಮರೆಯುವುದು ನಮ್ಮಂಥ ಸಣ್ಣ ಕಚೇರಿಗಳಿಗೆ ಮಾತ್ರ ಆಗುವುದಲ್ಲ. 2021ರ ಅಕ್ಟೋಬರ್ 4ರ ರಾತ್ರಿ ವಾಟ್ಸ್‌ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂರೂ ಜಗತ್ತಿನಾದ್ಯಂತ ನಿಂತುಹೋದದ್ದು ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು. ಸುಮಾರು ಆರು ತಾಸು ನಿಂತಿದ್ದವು. ದುರಸ್ತಿಯ ವೇಳೆ ಕೊಟ್ಟ ಒಂದು ಆದೇಶದಿಂದ ಆ ಕಂಪನಿಯ ಒಳಜಾಲ ಕಡಿದುಹೋಯಿತು. ಅದರ ಹಿಂದೆಯೇ, ತಮ್ಮ ಓಣಿಗೆ ಬರುವ ದಾರಿ ಇದು ಎಂದು ಹೊರಜಗತ್ತಿಗೆ ಸಾರುವ ಮಾಹಿತಿಯೂ ಹಿಂದೆ ಸರಿಯಿತು. ಜನರ ಚಿತ್ರ, ಪತ್ರ ಎಲ್ಲ ಇದ್ದಲ್ಲೇ ಇದ್ದವು. ದಾರಿ ಮಾತ್ರ ಇರಲಿಲ್ಲ. ಸರಿಪಡಿಸಬೇಕಾದ ತಂತ್ರಜ್ಞರ ಉಪಕರಣಗಳೂ ಅದೇ ಜಾಲವನ್ನು ನೆಚ್ಚಿಕೊಂಡಿದ್ದವು. ಅವರು ಯಂತ್ರಗಳಿದ್ದ ಕಟ್ಟಡಕ್ಕೇ ಹೋಗಿ ಕೈಯಾರೆ ಕೆಲಸ ಮಾಡಬೇಕಾಯಿತು. ಅದನ್ನು ಓದಿದಾಗ ನನಗೆ ಸ್ವಲ್ಪ ಸಮಾಧಾನವಾಯಿತು ಎಂದರೆ ನಗಬೇಡಿ.

ಆಡಿ ನೋಡಿ

ಕಂಪ್ಯೂಟರ್ ಇಲ್ಲದೆಯೂ ಇದನ್ನು ಶಾಲೆಯ ಅಂಗಳದಲ್ಲಿ ಆಡಬಹುದು. ಸುಣ್ಣದಿಂದ ಎರಡು ದೊಡ್ಡ ಚೌಕ ಬರೆಯಿರಿ. ಇವೇ ಎರಡು ಓಣಿ. ಪ್ರತಿ ಚೌಕದಲ್ಲಿ ನಾಲ್ಕು ಮಕ್ಕಳು ನಿಲ್ಲಲಿ. ಒಂದನೆಯ ಓಣಿಯವರು 1.10, 1.11 ಎಂದು, ಎರಡನೆಯವರು 2.10, 2.11 ಎಂದು ಚೀಟಿ ಅಂಟಿಸಿಕೊಳ್ಳಲಿ. ಪ್ರತಿ ಓಣಿಯ ಬಾಯಲ್ಲಿ ಒಬ್ಬರು ರೂಟರ್ ಆಗಿ ಪಾಟಿ ಹಿಡಿದು ನಿಲ್ಲಲಿ. ಪಾಟಿಯ ಮೇಲೆ ದಾರಿಪಟ್ಟಿ ಬರೆದಿರಲಿ. ದೂರದಲ್ಲಿ ಮತ್ತೊಬ್ಬರು ಹೆದ್ದಾರಿಯಾಗಿ ನಿಲ್ಲಲಿ. ಯಾರಿಗೆ, ಯಾರಿಂದ ಎಂದು ಎರಡನ್ನೂ ಬರೆದ ಚೀಟಿಗಳನ್ನು ಕಳಿಸಿ. ರೂಟರ್ ಆದವರು ಪಾಟಿಯಲ್ಲಿ ಇದ್ದುದನ್ನು ಮಾತ್ರ ಪಾಲಿಸಬೇಕು. ತಮ್ಮ ಬುದ್ಧಿ ಓಡಿಸಬಾರದು. ಪಾಟಿಯಲ್ಲಿ ಇಲ್ಲದ ಓಣಿಯ ಚೀಟಿ ಹೆದ್ದಾರಿಗೆ ಹೋಗಬೇಕು.

ಒಂದೆರಡು ಸುತ್ತು ಸರಿಯಾಗಿ ಆಡಿದ ಮೇಲೆ ಎರಡನೆಯ ಓಣಿಯವರನ್ನು ಕಣ್ಣು ಮುಚ್ಚಿ ನಿಲ್ಲಿಸಿ. ಆಗ ಒಂದನೆಯ ರೂಟರಿನ ಪಾಟಿಯಿಂದ ಎರಡನೆಯ ಓಣಿಯ ಸಾಲನ್ನು ಅಳಿಸಿ. ಇನ್ನೊಂದು ಸುತ್ತಿನಲ್ಲಿ ಆ ಸಾಲು ಹಾಗೆಯೇ ಇರಲಿ. ಬದಲಿಗೆ ಒಂದನೆಯ ಓಣಿಯ ಒಬ್ಬರಿಗೆ ರೂಟರ್ ಎಲ್ಲಿದೆ ಎಂಬುದನ್ನೇ ಹೇಳಬೇಡಿ. ಎರಡು ಸಲವೂ ಎರಡನೆಯ ಓಣಿಯವರು ಚೀಟಿ ಕಳಿಸಿ ಉತ್ತರಕ್ಕೆ ಕಾಯಲಿ. ತಪ್ಪು ಎಲ್ಲಿದೆ ಎಂದು ಅವರು ತಮ್ಮ ಓಣಿಯಲ್ಲೇ ನಿಂತು ಹೇಳಬಲ್ಲರೇ? ಇಲ್ಲವಾದರೆ, ಎಷ್ಟು ಚೀಟಿ ಕಳಿಸಿ, ಎಲ್ಲೆಲ್ಲಿಗೆ ಕಳಿಸಿ ಕಂಡುಹಿಡಿದರು? ಎಣಿಸಿ ಬರೆದಿಡಿ. ಕಡಿಮೆ ಚೀಟಿಯಲ್ಲಿ ಹಿಡಿದವರು ಮುಂದಿನ ಸುತ್ತಿನಲ್ಲಿ ಪಾಟಿ ಹಿಡಿಯಲಿ.